ಒಂಬತ್ತನೆಯ ಪ್ರಶ್ನೆ

ಪೀತಮ್‌ಪುರ
8 ನವೆಂಬರ್ 2024

ಚಂದ್ರಕ್ಕನಿಗೆ ಜೈಭೀಮ್.

ಫೋನಿನಲ್ಲಿ ಹೇಳಿದ್ದನ್ನು ನಾಳೆ ಇಲ್ಲ ಅನ್ನಬಹುದು, ಬರೆದುಕೊಟ್ಟದ್ದನ್ನು ಅನ್ನೋಕಾಗಲ್ಲ ಎಂದು ನಮಗೆ ಕಲಿಸಿದವರು ನೀವು. ಅದಕ್ಕೇ ಬರೆಯುತ್ತಿದ್ದೇನೆ. ವ್ಯಾನ್ ಓಡಿಸುವ ಕಿಶನ್ ಭಯ್ಯಾ ನಾಳೆ ದೆಹಲಿಯಿಂದ ನಿಮ್ಮ ಕೇಂದ್ರಕ್ಕೆ ರೇಷನ್ ತರುವಾಗ ಇದನ್ನೂ ತರುತ್ತಾರೆ.

ನಮ್ಮ ಸಂಸ್ಥೆಯ 'ಭರೀ ಥಾಲಿ' (ತುಂಬಿದ ತಟ್ಟೆ) ದೇಣಿಗೆ ಅಭಿಯಾನ ದೀಪಾವಳಿಗೆ ಮುಗಿಯಿತು. ನಿಮ್ಮ ಕೇಂದ್ರದ ಐವತ್ತೆಂಟು ಮಕ್ಕಳ ಮಧ್ಯಾಹ್ನದ ಊಟಕ್ಕೆ ಮುಂದಿನ ದೀಪಾವಳಿಯವರೆಗೆ ತೊಂದರೆಯಿಲ್ಲ. ನಮ್ಮ ಮ್ಯಾನೇಜರ್ ಯಶವಂತ್ ಸರ್ ಆಫೀಸಿಗೆಲ್ಲ ಕಾಜು ಬರ್ಫಿ ಹಂಚಿದರು. ಅವರು ನಮ್ಮ ಕಡೆಯವರೇ, ದೆಹಲಿಯಲ್ಲಿ ಬೆಳೆದವರು; ಕನ್ನಡದಲ್ಲಿ ಶುರುಮಾಡಿ ಹಿಂದಿಯಲ್ಲಿ ಮುಗಿಸುತ್ತಾರೆ.

ಈಗ ಕೊಟ್ಟವರನ್ನು ವಿಚಾರಿಸುವ ಕೆಲಸ ಶುರುವಾಗಿದೆ. ಯಾಕೆ ಕೊಟ್ಟಿರಿ, ನಮ್ಮ ಹೆಸರು ಎಲ್ಲಿ ಕೇಳಿದಿರಿ, ರಸೀದಿ ತಲುಪಿತೇ, ಮತ್ತೆ ಕೊಡುತ್ತೀರಾ, ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಅಂತೆಲ್ಲ. ಇದಕ್ಕೆ ಡೋನರ್ ಸರ್ವೆ ಅನ್ನುತ್ತಾರೆ. ಫಾರಂ ತಯಾರಿಸಲು ನನಗೆ ಹೇಳಿದ್ದಾರೆ. ತುಂಬದವರಿಗೆ ಫೋನ್ ಮಾಡುವುದೂ ನಾನೇ.

ಎಂಟು ಪ್ರಶ್ನೆ ಅವರೇ ಕೊಟ್ಟರು. ಒಂಬತ್ತನೆಯದನ್ನು ನಾನು ಸೇರಿಸಿದೆ.

ಪೋಸ್ಟರಿಗೆ ಫೋಟೋ ತೆಗೆಯಲು ಬಂದ ದಿನ ನಿಮಗೆ ನೆನಪಿರಬೇಕು. ಅವತ್ತು ಬುಧವಾರ, ಎಲ್ಲರ ತಟ್ಟೆಯಲ್ಲೂ ಬೇಯಿಸಿದ ಮೊಟ್ಟೆ ಇತ್ತು. ಆ ಫೋಟೋದವನು ಎಲ್ಲ ಮೊಟ್ಟೆ ತೆಗೆಸಿ ಒಂದು ಬೇಸಿನ್ನಿಗೆ ಹಾಕಿಸಿದ. ಅನ್ನ, ದಾಲ್, ರೊಟ್ಟಿಯ ಫೋಟೋ ಹೊಡೆದ. ಆಮೇಲೆ ಮೊಟ್ಟೆಗಳನ್ನು ವಾಪಸ್ ಹಂಚಿದರು. ನಿಮ್ಮ ಫೂಲ್ವಾ ತನ್ನ ಮೊಟ್ಟೆಗೆ ಉಗುರಿನಿಂದ ಗುರುತು ಮಾಡಿಟ್ಟಿದ್ದಳು, ಅದೇ ಬೇಕು ಅಂತ ಬೇಸಿನ್ ಹಿಡಿದು ನಿಂತಳು. ನೀವು ನಗುತ್ತಿದ್ದಿರಿ. ನನಗೆ ನಗು ಬರಲಿಲ್ಲ. ಮಕ್ಕಳ ಊಟವನ್ನು ಬಚ್ಚಿಟ್ಟು ಮಕ್ಕಳ ಊಟಕ್ಕೆ ದುಡ್ಡೆತ್ತಿದೆವು.

ಅದಕ್ಕೇ ನೇರವಾಗಿ ಕೇಳಿದ್ದೇನೆ: 'ನಮ್ಮ ಕೇಂದ್ರದಲ್ಲಿ ಬುಧವಾರ ಮತ್ತು ಶನಿವಾರ ಮಕ್ಕಳಿಗೆ ಬೇಯಿಸಿದ ಮೊಟ್ಟೆ ಕೊಡುತ್ತೇವೆ. ಇದು ನಿಮಗೆ ಒಪ್ಪಿಗೆಯೇ?' ಹೌದು ಅಥವಾ ಇಲ್ಲ.

ಯಶವಂತ್ ಸರ್ ಮೂರು ಸಲ ಓದಿದರು. "ಅಚ್ಛಾ... ಇರಲಿ, ರೆಹ್ನೇ ದೋ, ಇಂಟರೆಸ್ಟಿಂಗ್" ಅಂದರು.

ಊರಲ್ಲಿದ್ದಾಗ ನಮ್ಮ ಸಂಘದಲ್ಲಿ ಬ್ಯಾನರಿಗೆ ಯಾವ ಘೋಷಣೆ ಅನ್ನುವುದಕ್ಕೂ ಕೈ ಎತ್ತಿಸುತ್ತಿದ್ದಿರಿ. ಮೀಟಿಂಗಿಗೆ ಚಹಾವೋ ಕಾಫಿಯೋ ಅನ್ನುವುದಕ್ಕೂ ಎತ್ತಿಸಿದ್ದೀರಿ. ನಾನು ಅದನ್ನೇ ಮಾಡಿದ್ದೇನೆ. ಹೆಚ್ಚಿನವರು ಹೌದು ಅಂದರೆ ಇನ್ನು ಮೇಲೆ ಪೋಸ್ಟರಿನಲ್ಲೇ ಮೊಟ್ಟೆ ಇರುತ್ತದೆ. ಯಾವ ಬೇಸಿನ್ನೂ ಬೇಡ.

ಸೋಮವಾರ ಫಾರಂ ಹೋಗುತ್ತದೆ.

ನಿಮ್ಮ
ಲಾವಣ್ಯಾ


ಗ್ರೇಟರ್ ನೋಯ್ಡಾ
16 ನವೆಂಬರ್ 2024

ಲಾವಣ್ಯಾ,

ಕಳೆದ ಶನಿವಾರ ನಿನ್ನ ಕಾಗದ ಬಂದಾಗ ಕಿಶನ್ ಗಾಡಿ ತಿರುಗಿಸಿಕೊಂಡು ನಿಂತಿದ್ದ. "ಜಲ್ದಿ ದೀದಿ, ಎಕ್ಸ್‌ಪ್ರೆಸ್‌ವೇ ಜಾಮ್ ಆಗುತ್ತೆ." ಪಾತ್ರೆ ತೊಳೆದು ಆಮೇಲೆ ಓದಿದೆ. ಓದಿದ ತಕ್ಷಣ ನನ್ನ ಡಬ್ಬಾ ಫೋನಿನಿಂದ ನಾಲ್ಕು ಸಲ ಮಾಡಿದೆ. ಭಾನುವಾರವೂ ನೀನು ಎತ್ತಲಿಲ್ಲ. ಸೋಮವಾರ ಮೀಟಿಂಗು. ಸಂಜೆ ಒಂದು ಮೆಸೇಜ್ ಬಂತು, ಫಾರಂ ಹೋಯ್ತು ಅಕ್ಕ ಅಂತ.

ಹೋಯ್ತಾ. ಸರಿ.

ಈಗ ನಾನು ಹೇಳುವುದನ್ನು ಕೇಳು. ಸಂಘದಲ್ಲಿ ಕೈ ಎತ್ತಿಸುತ್ತಿದ್ದೆವು, ಹೌದು. ಯಾರ ಕೈ? ಚಾಪೆಯ ಮೇಲೆ ಕೂತವರ ಕೈ. ನಾಳೆ ಬೆಳಿಗ್ಗೆ ಪೊಲೀಸರ ಲಾಠಿಗೆ ಬೆನ್ನು ಕೊಡುವವರ ಕೈ. ರಸ್ತೆಯಲ್ಲಿ ಹೋಗುವ ಕಾರು ನಿಲ್ಲಿಸಿ 'ಸ್ವಾಮಿ, ನಾವು ನಾಳೆ ಧರಣಿ ಕೂರಬಹುದೇ' ಅಂತ ಯಾವತ್ತಾದರೂ ಕೇಳಿದ್ದೇವೇನೇ? ನೀನು ಊಟದ ಪ್ರಶ್ನೆಯನ್ನು ಉಣ್ಣದವರ ಮನೆಗೆ ಕಳಿಸಿದ್ದೀಯ. ಈ ದೇಶದಲ್ಲಿ ಒಬ್ಬರ ತಟ್ಟೆ ನೋಡಿ ಇನ್ನೊಬ್ಬರು ಮೂಗು ಮುಚ್ಚುವುದಕ್ಕೆ ಎಷ್ಟು ಸಾವಿರ ವರ್ಷದ ಅಭ್ಯಾಸ ಇದೆ ಅಂತ ನಿನಗೆ ನಾನು ಬಿಡಿಸಿ ಹೇಳಬೇಕಾ?

ಬಚ್ಚಿಟ್ಟಿದ್ದಕ್ಕೆ ನಿನಗೆ ಸಿಟ್ಟು ಬಂತು. ನನಗೂ ಬಂದಿತ್ತು. ಆದರೆ ಬೇಸಿನ್ನಿನಿಂದ ಮೊಟ್ಟೆ ಮಕ್ಕಳ ತಟ್ಟೆಗೆ ವಾಪಸ್ ಬಂತಲ್ಲ, ನಾನು ಅಷ್ಟಕ್ಕೆ ನಕ್ಕೆ.

ಆರು ವರ್ಷದ ಹಿಂದೆ ಈ ತಗಡಿನ ಶೆಡ್ಡು ಹಾಕಿದಾಗ ನನ್ನ ಹತ್ತಿರ ಇದ್ದಿದ್ದು ನಮ್ಮನೆಯವರ ಫ್ಯಾಮಿಲಿ ಪೆನ್ಷನ್ನು. ಮೂವತ್ತು ವರ್ಷ ಸೆಂಟ್ರಲ್ ಗವರ್ನಮೆಂಟಿನಲ್ಲಿ ಫೈಲು ಹೊತ್ತ ಮನುಷ್ಯನದು. ಆರೋಗ್ಯ ಕೇಂದ್ರದ ಡಾಕ್ಟರಮ್ಮ ಈ ಮಕ್ಕಳ ತಲೆಗೂದಲು ಹಿಡಿದು ನೋಡಿ, ತಾಮ್ರದ ಬಣ್ಣಕ್ಕೆ ತಿರುಗಿದೆ, ಮೊಟ್ಟೆ ಕೊಡಿ, ಮಾತು ಕಮ್ಮಿ ಮಾಡಿ ಅಂದಳು. ಕೊಟ್ಟೆ. ಕೂದಲು ಕಪ್ಪಾಯಿತು. ನಾನು ಕಣ್ಣಾರೆ ಕಂಡಿದ್ದು. ಮೂರು ವರ್ಷದ ಹಿಂದೆ ನೀನು ಬಂದು, ಅಕ್ಕಾ, ನಮ್ಮ ಸಂಸ್ಥೆ ಇದನ್ನು ವಹಿಸಿಕೊಳ್ಳುತ್ತೆ, ನಿಮ್ಮ ಮೈಮೇಲಿನ ಭಾರ ಇಳಿಯುತ್ತೆ ಅಂದೆ. ನಂಬಿದ್ದು ಸಂಸ್ಥೆಯನ್ನಲ್ಲ, ನಿನ್ನನ್ನು.

ಇಲ್ಲಿ ಗಾಳಿಯಲ್ಲಿ ಹೊಗೆ ಜಾಸ್ತಿ ಅಂತ ಸರ್ಕಾರ ಕಟ್ಟಡದ ಕೆಲಸವನ್ನೆಲ್ಲ ನಿಲ್ಲಿಸಿದೆ. ಗಾರೆ ಹೊರುವ ಈ ಮಕ್ಕಳ ಅಪ್ಪ ಅಮ್ಮಂದಿರು ಕ್ಯಾಂಪಿನಲ್ಲಿ ಸುಮ್ಮನೆ ಕೂತಿದ್ದಾರೆ. ಅವರ ಮನೆಯ ದಾಲಿನಲ್ಲಿ ನೀರು ಜಾಸ್ತಿಯಾಗಿದೆ. ಬೇರೆ ದಿನ ನಲವತ್ತು ಮಕ್ಕಳು ಬಂದರೆ ಬುಧವಾರ ಶನಿವಾರ ಐವತ್ತೆಂಟೂ ಬರುತ್ತವೆ. ಜ್ವರ ಬಂದವೂ ಬರುತ್ತವೆ.

ತೆಗೆದುಬಿಡು ಆ ಪ್ರಶ್ನೆಯನ್ನ. ಬಂದ ಉತ್ತರ ಹರಿದು ಹಾಕು. ನನ್ನ ಬಾಯಿಂದ ಇಂಥ ಮಾತು ಬರುತ್ತೆ ಅಂತ ನಾನೂ ಅಂದುಕೊಂಡಿರಲಿಲ್ಲ. ಆದರೂ ಹೇಳುತ್ತಿದ್ದೇನೆ.

ಜೈಭೀಮ್.
ಚಂದ್ರಪ್ರಭಾ


ಪೀತಮ್‌ಪುರ
29 ನವೆಂಬರ್ 2024

ಚಂದ್ರಕ್ಕ,

ತೆಗೆಯಲು ಆಗಲಿಲ್ಲ. ಉತ್ತರ ಬಂದ ಹಾಗೇ ಯಶವಂತ್ ಸರ್ ಕಂಪ್ಯೂಟರಿನ ಶೀಟಿಗೆ ಹೋಗಿ ಬೀಳುತ್ತದೆ. ಹರಿಯಲು ಕಾಗದ ಅಂತ ಯಾವುದೂ ಇಲ್ಲ.

ದಿನಕ್ಕೆ ಮೂವತ್ತು ಫೋನ್ ಮಾಡುತ್ತಿದ್ದೇನೆ. ಕಿವಿಯ ಮೇಲೆ ಒಂದು ಕೆಂಪು ಗೆರೆ ಬಿದ್ದಿದೆ. ಗುರುಗ್ರಾಮದ ಒಬ್ಬಾಕೆ ಯಾವ ಪ್ರಶ್ನೆಯನ್ನೂ ಪೂರ್ತಿ ಕೇಳಿಸಿಕೊಳ್ಳಲಿಲ್ಲ. "ಬೇಟಾ, ಸಬ್ ಮೇಂ ಟೆನ್ ಲಿಖ್ ದೋ, ಮೈ ಪಾರ್ಲರ್ ಮೇಂ ಹೂಂ." ಒಂಬತ್ತನೆಯದಕ್ಕೆ ಹತ್ತು ಇಲ್ಲ ಮೇಡಂ, ಹೌದು-ಇಲ್ಲ ಮಾತ್ರ ಅಂದೆ. "ಅಂಡಾ? ಛೀ ಛೀ, ಧರಮ್ ಕೇ ಪೈಸೇ ಸೇ?" ಅಂದರು, ಧರ್ಮದ ದುಡ್ಡಲ್ಲಿ ಮೊಟ್ಟೆಯಾ ಅಂತ. 'ಇಲ್ಲ' ಒತ್ತಿದೆ. ಹಾಗಂತ ಎಲ್ಲರೂ ಹಾಗಿಲ್ಲ. ಒಬ್ಬ ಸರ್ದಾರ್ಜಿ, "ದೋ ದಿನ ಯಾಕೆ, ರೋಜ್ ಕೊಡಿ" ಅಂತ ನನ್ನನ್ನೇ ಗದರಿಸಿದರು. 'ಹೌದು' ಒತ್ತಿದೆ. ಒತ್ತುವುದಷ್ಟೇ ನನ್ನ ಕೆಲಸ. ವಾದ ಮಾಡುವಂತಿಲ್ಲ, ಸರ್ವೆ ಕೆಡುತ್ತದಂತೆ.

ನಿನ್ನೆ ಮಯೂರ್ ವಿಹಾರಿನ ಚಂದ್ರಮೋಹನ ಅನ್ನುವವರಿಗೆ ಮಾಡಿದೆ. ಮಿನಿಸ್ಟ್ರಿಯಲ್ಲಿ ಅಂಡರ್ ಸೆಕ್ರೆಟರಿಯಾಗಿ ರಿಟೈರ್ ಆದವರು. ಹೆಸರು ಕೇಳಿದ ಕೂಡಲೇ ಕನ್ನಡಕ್ಕೆ ತಿರುಗಿದರು.

"ಓಹೋ, ಕನ್ನಡದ ಹುಡುಗಿ! ಯಾವ ಊರಮ್ಮ?"

"ಚಳ್ಳಕೆರೆ ಹತ್ತಿರ, ಸರ್."

"ಅಚ್ಛಾ. ಅಪ್ಪ ಏನು ಮಾಡ್ತಿದ್ರು?"

"ಮೇಷ್ಟ್ರು, ಸರ್."

"ಅಲ್ಲ, ಯಾವ ಪೈಕಿ ಅಂತ..."

"ಸರ್, ಒಂಬತ್ತನೆಯ ಪ್ರಶ್ನೆ ಇದೆ" ಅಂದೆ.

ಓದಿ ಹೇಳಿದೆ. ಅವರು ಟಿವಿಯ ಸದ್ದು ತಗ್ಗಿಸಿದರು. "ನೋಡಮ್ಮ, ನನಗೇನಿಲ್ಲ. ಆದರೆ ನಾವು ಕೊಟ್ಟಿದ್ದು ನವರಾತ್ರಿಯಲ್ಲಿ, ಶ್ರದ್ಧೆಯಿಂದ. ಬಡಮಕ್ಕಳಿಗೆ ಬೇಕಾದ್ರೆ ಹಾಲು ಕೊಡಿ, ಬಾಳೆಹಣ್ಣು ಕೊಡಿ. ಇದ್ಯಾಕೆ ಸುಮ್ನೆ?"

ಒಳಗಿನಿಂದ ಅವರ ಹೆಂಡತಿಯ ದನಿ ಕೇಳಿಸಿತು. "ಏನ್ರೀ ಅದು, ಮೊಟ್ಟೆ ಬೇಡ ಅಂತಿದೀರಾ? ನಿಮ್ಮ ಮೊಮ್ಮಗ ಶ್ರೇಯಸ್ ಜಿಮ್ಮು ಅಂತ ದಿನಾ ಆರಾರು ನುಂಗ್ತಾನಲ್ಲ, ಅದು ಬದನೆಕಾಯೇನು?"

"ನೀ ಸುಮ್ನಿರೇ ಶಾರದಾ, ಅದು ಬೇರೆ. ಇಲ್ಲ ಅಂತ ಬರ್ಕೊಳಮ್ಮ."

ಬರೆದುಕೊಂಡೆ.

ಶಾರದಮ್ಮನವರ ಹೆಸರು ನಮ್ಮ ಪಟ್ಟಿಯಲ್ಲಿ ಇಲ್ಲ. ದುಡ್ಡು ಅವರ ಖಾತೆಯಿಂದ ಬಂದಿಲ್ಲ. ಹಾಗಾಗಿ ಅವರದು ಲೆಕ್ಕಕ್ಕೆ ಬರಲಿಲ್ಲ.

ಲಾವಣ್ಯಾ


ಪೀತಮ್‌ಪುರ
20 ಡಿಸೆಂಬರ್ 2024

ಚಂದ್ರಕ್ಕ,

ಮೂರು ವಾರದಿಂದ ನಿಮ್ಮ ಕಾಗದವಿಲ್ಲ. ದೀದಿ ಚೀಲ ಇಳಿಸಿಕೊಳ್ಳುತ್ತಾರೆ, ಸಹಿ ಹಾಕುತ್ತಾರೆ, ಮಾತಾಡುವುದಿಲ್ಲ ಎಂದು ಕಿಶನ್ ಭಯ್ಯಾ ಹೇಳಿದರು.

ಫಲಿತಾಂಶ ಬಂದಿದೆ. ನಾನೂರ ಮೂವತ್ತೊಂದು ಜನ ಉತ್ತರಿಸಿದರು. ಇನ್ನೂರ ಅರವತ್ತೆಂಟು ಜನ 'ಇಲ್ಲ' ಅಂದಿದ್ದಾರೆ.

ಮಂಗಳವಾರ ದೊಡ್ಡ ಮೀಟಿಂಗು ನಡೆಯಿತು. ಗೋಡೆಯ ಮೇಲೆ ಒಂದೊಂದೇ ಪ್ರಶ್ನೆ ಬಂತು. ಎಂಟನ್ನೂ ಬೇಗಬೇಗ ದಾಟಿಸಿದರು. ಒಂಬತ್ತನೆಯದಕ್ಕೆ 'ದಾನಿಗಳ ದನಿ' ಅಂತ ಬೇರೆ ತಲೆಬರಹವೇ ಇತ್ತು. ಯಶವಂತ್ ಸರ್ ನನ್ನ ಕಡೆ ಕೈ ತೋರಿಸಿ, "ಲಾವಣ್ಯಾ ಈ ಪ್ರಶ್ನೆ ಕೇಳದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ. ಇಷ್ಟು ದೊಡ್ಡ ವಿಷಯ, ಇತ್ನೀ ಬಡೀ ಬಾತ್! ಚಪ್ಪಾಳೆ" ಅಂದರು. ಹೊಡೆದರು. ನಾನೂ ಎರಡು ಸಲ ಹೊಡೆದೆ ಅನ್ನಿಸುತ್ತದೆ. ಕೈ ಎಲ್ಲಿಡಬೇಕೋ ಗೊತ್ತಾಗಲಿಲ್ಲ.

ಜನವರಿ ಒಂದರಿಂದ ಮೊಟ್ಟೆ ಇಲ್ಲ. ಸೋಯಾ ಮತ್ತು ಬಾಳೆಹಣ್ಣು.

ಮಕ್ಕಳನ್ನೂ ಕೇಳೋಣ ಸರ್ ಅಂದೆ. "ಮಕ್ಕಳು ಡೋನರ್ ಅಲ್ಲವಲ್ಲ" ಅಂದರು. ಕೆಟ್ಟ ಮನಸ್ಸಿನಿಂದ ಅನ್ನಲಿಲ್ಲ ಅಕ್ಕ. ಮಳೆ ಬಂದರೆ ಕೊಡೆ ಬೇಕು ಅನ್ನುವ ಹಾಗೆ ಅಂದರು. ಆಮೇಲೆ ಮುಂದಿನ ಅಭಿಯಾನದ ಬಣ್ಣ ಕೇಸರಿಯೋ ಹಸಿರೋ ಅಂತ ಮಾತಾಯಿತು.

ಬಹುಮತ. ಇನ್ನೊಂದು ಸಲ ಎಣಿಸಿ ಅನ್ನಲೂ ಆಗುವುದಿಲ್ಲ, ಎಣಿಸಿದವಳು ನಾನೇ.

ನನ್ನ ಕೆಲಸ ಪರ್ಮನೆಂಟ್ ಆಗಿದೆ. ಸಂಜೆ ಕಾಗದ ಕೊಟ್ಟರು. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಚಂದ್ರಪ್ರಭಾಳಿಗೆ ಮೊದಲು ಹೇಳು, ಖುಷಿಪಡುತ್ತಾಳೆ ಅಂದರು. ಹೇಳಿದ್ದೇನೆ.

ಬೈಯಿರಿ ಅಕ್ಕ. ಬರೆದೇ ಬೈಯಿರಿ.

ಲಾವಣ್ಯಾ


ಗ್ರೇಟರ್ ನೋಯ್ಡಾ
11 ಜನವರಿ 2025

ಲಾವಣ್ಯಾ,

ಬೈಯೋಣ ಅಂತ ಕೂತೆ. ಬೈಗುಳ ಬರುತ್ತಿಲ್ಲ. ನಲವತ್ತು ವರ್ಷ ಬೈದಿದ್ದೇನೆ. ಎಮ್ಮೆಲ್ಲೆಗೆ ಬೈದಿದ್ದೇನೆ, ಡಿಸಿಗೆ ಬೈದಿದ್ದೇನೆ, ಮಠಕ್ಕೆ ಬೈದಿದ್ದೇನೆ. ಇದಕ್ಕೆ ಯಾರನ್ನ ಬೈಯಲಿ? ಪಾರ್ಲರಿನಲ್ಲಿ ಕೂತವಳನ್ನಾ? ಮಿನಿಸ್ಟ್ರಿ ಮುದುಕನನ್ನಾ? ಯಾರ ಮುಖವೂ ಕಾಣುವುದಿಲ್ಲ. ಇನ್ನೂರ ಅರವತ್ತೆಂಟು ಅನ್ನುವ ಒಂದು ಅಂಕಿ ಕಾಣುತ್ತೆ.

ನಡೆದದ್ದು ಹೇಳುತ್ತೇನೆ. ಬುಧವಾರ ಒಂದನೇ ತಾರೀಖು ಐವತ್ತೆಂಟೂ ಬಂದವು. ಚಳಿಗೆ ಮೂಗು ಕೆಂಪಾಗಿತ್ತು. ತಟ್ಟೆ ನೋಡಿದವು, ನನ್ನ ಮುಖ ನೋಡಿದವು. "ದೀದಿ, ಅಂಡಾ?" ಇವತ್ತಿಲ್ಲ ಅಂದೆ. ಶನಿವಾರ ವ್ಯಾನ್ ಬಂದಾಗ ಫೂಲ್ವಾ ಒಳಗೆ ಹತ್ತಿ ಚೀಲ ಎತ್ತಿ ಎತ್ತಿ ಹುಡುಕಿದಳು. ಕಿಶನ್, "ಏ ಇಳಿ, ಅಂಡಾ ಬಂದ್ ಹೋ ಗಯಾ!" ಅಂತ ಗದರಿದ. ಗದರಿದವನು ಆ ಕಡೆ ತಿರುಗಿ ಟಯರು ಒದ್ದು ನೋಡುತ್ತಾ ನಿಂತ. ಟಯರಿಗೆ ಏನೂ ಆಗಿರಲಿಲ್ಲ.

ಮೊನ್ನೆ ಗುರುವಾರ ತಾಯಂದಿರನ್ನೆಲ್ಲ ಕರೆದೆ. ಇಪ್ಪತ್ತಮೂರು ಜನ ಬಂದರು. ಎಲ್ಲ ಹೇಳಿದೆ. ಹೀಗೆ ಹೀಗೆ, ದುಡ್ಡು ಕೊಟ್ಟವರು ಬೇಡ ಅಂದಿದ್ದಾರೆ, ಈಗ ನೀವು ಹೇಳಿ, ಮೊಟ್ಟೆ ಬೇಕು ಅನ್ನುವವರು ಕೈ ಎತ್ತಿ ಅಂದೆ.

ಒಂದು ಕೈ ಮೇಲೆ ಬರಲಿಲ್ಲ ಕಣೇ.

ಅವರಿಗೆ ಅರ್ಥವಾಗಲಿಲ್ಲವೇನೋ ಅನ್ನಿಸಿ ಮತ್ತೆ ಸರಳ ಹಿಂದಿಯಲ್ಲಿ ಬಿಡಿಸಿ ಹೇಳಿದೆ. ಫೂಲ್ವಾಳ ತಾಯಿ ಸೆರಗು ಬಾಯಿಗೆ ಹಿಡಿದು, "ದೀದಿ, ಜೋ ಮಿಲ್ತಾ ಹೈ ಠೀಕ್ ಹೈ, ಸಿಕ್ಕಷ್ಟು ಸಾಕು. ನಾವು ಕೈ ಎತ್ತಿದರೆ ದಾಲೂ ನಿಲ್ಲಿಸಿಬಿಟ್ಟರೆ?" ಅಂದಳು. ಗೇಟಿನ ಹತ್ತಿರ ಠೇಕೇದಾರನ, ಅಂದರೆ ಕಟ್ಟಡದ ಕಂಟ್ರಾಕ್ಟರನ, ಮನುಷ್ಯ ಮೊಬೈಲ್ ಹಿಡಿದು ನಿಂತಿದ್ದ. ನನ್ನ ಕೈ ಒಂದೇ ಮೇಲಿತ್ತು. ಎಷ್ಟು ಹೊತ್ತು ಇಟ್ಟುಕೊಳ್ಳಲಿ. ಇಳಿಸಿದೆ.

ನಿನ್ನದೂ ಮತ, ನನ್ನದೂ ಮತ. ನಿನ್ನವರು ಕೊಟ್ಟೆವು ಅನ್ನುವ ಧೈರ್ಯದಿಂದ ಇಲ್ಲ ಅಂದರು. ನನ್ನವರು ಕೊಡುವುದು ನಿಂತೀತು ಅನ್ನುವ ಭಯದಿಂದ ಸುಮ್ಮನಾದರು.

ನಿನ್ನೆ ಎರಡು ಟ್ರೇ ಮೊಟ್ಟೆ ನನ್ನ ಪೆನ್ಷನ್ನಿನಲ್ಲಿ ತಂದು ಬೇಯಿಸಿದೆ. ಇವತ್ತು ಕಿಶನ್ ಕೈಲಿ ಯಶವಂತನ ಕಾಗದ ಬಂತು. ದಾನಿಗಳ ಹಣದ ಅಡುಗೆಮನೆಗೆ ಹೊರಗಿನ ಆಹಾರ ತರುವಂತಿಲ್ಲವಂತೆ. ಅದೂ ಒಂದೇ ದಿನದಲ್ಲಿ ತಿಳಿದುಬಿಟ್ಟಿದೆ, ಠೇಕೇದಾರನ ಮೊಬೈಲ್ ಚೆನ್ನಾಗಿ ಕೆಲಸ ಮಾಡುತ್ತೆ. ಶೆಡ್ಡು ಹಾಕಿದವಳು ನಾನು, ನಾನೇ ಹೊರಗಿನವಳು. ಮತ್ತೆ ತಂದರೆ ಕೇಂದ್ರಕ್ಕೆ ಬೀಗ ಅಂತ ಬರೆದಿಲ್ಲ. ಬರೆದಷ್ಟೇ ಸ್ಪಷ್ಟವಾಗಿದೆ.

ನಿನ್ನ ಕೆಲಸ ಪರ್ಮನೆಂಟ್ ಆಗಿದ್ದಕ್ಕೆ ಸಂತೋಷ. ಇದು ಕುಟುಕು ಅಲ್ಲ.

ಚಂದ್ರಪ್ರಭಾ


ಪೀತಮ್‌ಪುರ
7 ಫೆಬ್ರವರಿ 2025

ಚಂದ್ರಕ್ಕ,

ಸರ್ವೆಯ ಕೊನೆಯ ಕೆಲಸವೊಂದು ಉಳಿದಿತ್ತು. 'ಇಲ್ಲ' ಅಂದವರಿಗೆಲ್ಲ ಮತ್ತೆ ಫೋನ್ ಮಾಡಿ, ನಿಮ್ಮ ಮಾತನ್ನು ಕೇಳಿದ್ದೇವೆ, ಅದರಂತೆ ಬದಲಿಸಿದ್ದೇವೆ ಅಂತ ಧನ್ಯವಾದ ಹೇಳುವುದು. ಹೀಗೆ ಹೇಳಿದರೆ ಮುಂದಿನ ವರ್ಷ ಜಾಸ್ತಿ ಕೊಡುತ್ತಾರಂತೆ.

ನೂರಾ ತೊಂಬತ್ತು ಜನ ಸಿಕ್ಕಿದರು. ಬಹಳ ಜನಕ್ಕೆ ನಾವು ಯಾರೆಂದೇ ನೆನಪಿರಲಿಲ್ಲ. ಪಾರ್ಲರಿನ ಆಕೆ, "ಕೌನ್ಸಾ ಅಂಡಾ?" ಅಂದರು, ಯಾವ ಮೊಟ್ಟೆ ಅಂತ. ಒಬ್ಬರು ಇದು ಲೋನ್ ಕಾಲು ಅಂತ ಬೈದು ಇಟ್ಟರು.

ಚಂದ್ರಮೋಹನ ಅವರಿಗೂ ಮಾಡಿದೆ. ನನ್ನ ಹೆಸರು ಹೇಳಿದೆ. ಚಳ್ಳಕೆರೆ ನೆನಪಿತ್ತು.

"ಸರ್, ನೀವು ಹೇಳಿದಂತೆ ಮೊಟ್ಟೆ ನಿಲ್ಲಿಸಿದ್ದೇವೆ. ಧನ್ಯವಾದ."

"ನಾನೇ? ನಾನು ಹಾಗೆ ಹೇಳಿದ್ನಾ?"

"ನವೆಂಬರಿನಲ್ಲಿ ಹೇಳಿದ್ರಿ ಸರ್."

"ಏನೋ ಆ ಹೊತ್ತಿಗೆ ಬಾಯಿಗೆ ಬಂತು, ಅಂದಿರಬೇಕು. ನೀವು ಅಷ್ಟಕ್ಕೇ ನಿಲ್ಲಿಸಿಬಿಟ್ರಾ? ಅಯ್ಯೋ, ಕೊಡೀಮ್ಮ, ಮಕ್ಕಳು ತಿನ್ನಲಿ. ನನಗೇನು!" ಆಮೇಲೆ ದನಿ ತಗ್ಗಿಸಿ, "ಇವಳಿಗೆ ಹೇಳಬೇಡಿ, ನಿಲ್ಲಿಸಿದ್ದು ನನ್ನಿಂದ ಅಂತ. ಎರಡು ದಿನ ಊಟ ಸಿಗಲ್ಲ ನನಗೆ" ಅಂದರು. ನಕ್ಕರು.

ನಾನು ಶೀಟು ತೆರೆದು ಅವರ ಸಾಲಿನಲ್ಲಿ 'ಇಲ್ಲ'ವನ್ನು ಅಳಿಸಿ 'ಹೌದು' ಬರೆಯಲು ಹೋದೆ. ಬೀಗ ಹಾಕಿತ್ತು. ಆಮೇಲೆ ಒಂದು ಕಾಗದದಲ್ಲಿ ಬೇರೆಯಾಗಿ ಬರೆದುಕೊಳ್ಳುತ್ತಾ ಹೋದೆ. ಮರೆತವರು ಎಂಬತ್ತೇಳು. ಕೊಟ್ಟರೆ ಕೊಡಿ ಅಂದವರು ಮೂವತ್ತನಾಲ್ಕು. ಈಗಲೂ ಬೇಡವೇ ಬೇಡ ಅಂದವರು ಅರವತ್ತೊಂಬತ್ತು, ಅಷ್ಟೇ.

ಕಾಗದ ಹಿಡಿದು ಯಶವಂತ್ ಸರ್ ಹತ್ತಿರ ಹೋದೆ. ಪೂರ್ತಿ ಓದಿದರು. ಅಷ್ಟು ಗೌರವ ತೋರಿಸಿದರು. "ಲಾವಣ್ಯಾ, ಸರ್ವೆ ಕ್ಲೋಸ್ ಆಗಿದೆ. ಬೋರ್ಡಿಗೆ ರಿಪೋರ್ಟ್ ಹೋಗಿದೆ. ಸೋಯಾದವರ ಜೊತೆ ವರ್ಷದ ಕಾಂಟ್ರ್ಯಾಕ್ಟ್ ಆಗಿದೆ. ಅಗಲೇ ಸಾಲ್ ಫಿರ್ ಪೂಛೇಂಗೇ ನಾ?" ಅಂದರು.

ಮುಂದಿನ ನವೆಂಬರಿನಲ್ಲಿ ಮತ್ತೆ ಕೇಳುತ್ತಾರೆ.

ಇಡೀ ವಾರ ಊಟ ಮಾಡಿದ್ದೇನೆ, ಮೆಟ್ರೋ ಹತ್ತಿದ್ದೇನೆ, ಬಟ್ಟೆ ಇಸ್ತ್ರಿ ಮಾಡಿದ್ದೇನೆ. ನನಗೆ ಅಳು ಬರುತ್ತಿಲ್ಲ ಅಕ್ಕ. ಬರಬೇಕಿತ್ತು ಅಂತ ಗೊತ್ತಿದೆ.

ಲಾವಣ್ಯಾ


ಗ್ರೇಟರ್ ನೋಯ್ಡಾ
1 ಮಾರ್ಚ್ 2025

ಲಾವಣ್ಯಾ,

ನಿನ್ನವರು ಮರೆತದ್ದನ್ನು ಬರೆದಿದ್ದೆ. ನನ್ನ ಮಕ್ಕಳದ್ದು ಕೇಳು. ಮೊದಲ ವಾರ ಕೇಳಿದವು. ಎರಡನೆಯ ವಾರ ವ್ಯಾನಿನೊಳಗೆ ಇಣುಕಿದವು. ಮೂರನೆಯ ವಾರ ತಟ್ಟೆಯಲ್ಲಿ ಸೋಯಾ ಉಂಡೆಯನ್ನು ಬದಿಗೆ ತಳ್ಳಿ ಅನ್ನ ತಿಂದವು. ಈಗ ಸೋಯಾವನ್ನೂ ತಿನ್ನುತ್ತವೆ. ಯಾರೂ ಏನೂ ಕೇಳುವುದಿಲ್ಲ. ಬುಧವಾರವೂ ನಲವತ್ತೇ ಮಕ್ಕಳು. ಉಳಿದ ಹದಿನೆಂಟನ್ನು ತಾಯಂದಿರು ಇಟ್ಟಿಗೆ ಹೊರುವ ಜಾಗಕ್ಕೆ ಕರೆದುಕೊಂಡು ಹೋಗುತ್ತಾರೆ.

ನನಗೂ ಅಭ್ಯಾಸವಾಗಿಬಿಟ್ಟಿತ್ತು. ಸುಳ್ಳು ಯಾಕೆ ಹೇಳಲಿ. ಫೆಬ್ರವರಿ ಪೂರ್ತಿ ನಾನು ಅನ್ನ ಬಸಿದೆ, ಸೌಟು ಹಿಡಿದೆ, ಸಹಿ ಹಾಕಿದೆ. ಒಂದು ದಿನವೂ ಮೈ ಉರಿಯಲಿಲ್ಲ. ಅದಕ್ಕೆ ಹೆದರಿದೆ. ಲಾಠಿಗೆ ಹೆದರದವಳು ಅದಕ್ಕೆ ಹೆದರಿದೆ.

ಈ ಬುಧವಾರ ಗೋಡೆಯ ಕಪ್ಪು ಹಲಗೆಯ ಮೇಲೆ ಅವತ್ತಿನ ಊಟ ಬರೆದೆ. ಚಾವಲ್, ದಾಲ್, ಸೋಯಾ, ಅಂಡಾ. ಅಂಡಾ ಅನ್ನುವುದರ ಮೇಲೆ ಗೆರೆ ಎಳೆದೆ. ಫೂಲ್ವಾ ಈಗ ಅಕ್ಷರ ಕೂಡಿಸಿ ಓದುತ್ತಾಳೆ. ಎಲ್ಲ ಓದಿ, ಕೊನೆಯದರ ಹತ್ತಿರ ಬೆರಳಿಟ್ಟು ನಿಂತಳು.

"ದೀದಿ, ಯೇ ಕಿಸ್ನೇ ಕಾಟಾ?"

ಯಾರು ಹೊಡೆದುಹಾಕಿದ್ದು ಅಂತ. ಎಂಟು ವರ್ಷದ ಹುಡುಗಿಗೆ ಹೇಗೆ ಹೇಳುವುದು ಅಂತ ಒಂದು ಕ್ಷಣ ಯೋಚಿಸಿದೆ. ಆಮೇಲೆ ಎಲ್ಲ ಹೇಳಿದೆ. ದುಡ್ಡು ಕೊಡುವವರಿದ್ದಾರೆ, ಅವರಿಗೆ ಫೋನ್ ಮಾಡಿ ಕೇಳಿದರು, ಅವರು ಬೇಡ ಅಂದರು. ಮಕ್ಕಳೆಲ್ಲ ಊಟ ಬಿಟ್ಟು ಕೇಳುತ್ತಿದ್ದವು.

"ಫೋನ್ ಕಿಸ್ನೇ ಕಿಯಾ?"

"ಲಾವಣ್ಯಾ ದೀದಿ."

"ಚಷ್ಮೇ ವಾಲೀ?"

ಹೂಂ, ಕನ್ನಡಕದವಳೇ ಅಂದೆ. ನಿನ್ನನ್ನು ಮರೆತಿಲ್ಲ ಅವು. ಫೂಲ್ವಾ ಅನ್ನ ಕಲಸಿದಳು. ಆಮೇಲೆ ಕೇಳಿದಳು: "ವೋ ದೀದಿ ಖುದ್ ಅಂಡಾ ಖಾತೀ ಹೈ ಕ್ಯಾ?"

ಒಂದಿಬ್ಬರು ಕಿಸಕ್ಕೆಂದರು. ಫೂಲ್ವಾ ನಗಲಿಲ್ಲ. ಆ ದೀದಿ ತಾನು ಮೊಟ್ಟೆ ತಿಂತಾಳೋ ಇಲ್ಲವೋ, ಅವಳಿಗೆ ಉತ್ತರ ಬೇಕಿತ್ತು.

ನನಗೆ ಉತ್ತರ ಗೊತ್ತು. ನಮ್ಮ ಮನೆಯಲ್ಲಿ ಸಾರಿನೊಳಗಿನ ಎರಡನೇ ಮೊಟ್ಟೆಗೆ ಜಗಳ ಮಾಡಿದವಳು ನೀನು. ಆದರೂ ಹೇಳಲಿಲ್ಲ. ಪ್ರಶ್ನೆ ನಿನಗೆ ಬಂದಿದ್ದು. ಅವಳು ದಿನಾ ಕೇಳುತ್ತಿದ್ದಾಳೆ, ಜವಾಬ್ ಬಂತಾ ಅಂತ.

ನಿನ್ನನ್ನು ಕ್ಷಮಿಸಿದ್ದೇನೋ ಇಲ್ಲವೋ ನನಗೆ ಗೊತ್ತಿಲ್ಲ. ಅದು ದೊಡ್ಡ ಮಾತು. ಈ ಹುಡುಗಿಗೆ ಮಾತ್ರ ಉತ್ತರ ಕೊಡು.

ಜೈಭೀಮ್.
ಚಂದ್ರಪ್ರಭಾ


ಪೀತಮ್‌ಪುರ
7 ಮಾರ್ಚ್ 2025

ಚಂದ್ರಕ್ಕ,

ತಿನ್ನುತ್ತೇನೆ ಅಂತ ಒಂದು ಸಾಲು ಬರೆದು ಕಿಶನ್ ಭಯ್ಯಾನ ಕೈಗೆ ಕೊಡೋಣ ಅಂದುಕೊಂಡೆ. ಬರೆದೆ ಕೂಡ. ಅದು ಪೂರ್ತಿ ನಿಜವಲ್ಲ ಅನ್ನಿಸಿತು.

ಮೂರು ವರ್ಷದ ಹಿಂದೆ ಈ ರೂಮು ನೋಡಲು ಬಂದಾಗ ಮನೆಯೊಡತಿ ಬಾಗಿಲಲ್ಲೇ ನಿಲ್ಲಿಸಿ ಕೇಳಿದರು. ಮೊದಲು ಪೂರ್ತಿ ಹೆಸರು ಕೇಳಿದರು. ಆಮೇಲೆ, "ಅಂಡಾ-ಮೀಟ್ ತೋ ನಹೀಂ ಖಾತೀ?" ಅಂದರು, ಮೊಟ್ಟೆ-ಮಾಂಸ ತಿನ್ನಲ್ಲ ತಾನೇ ಅಂತ. ಅದಕ್ಕೆ ಮುಂಚೆ ನಾಲ್ಕು ಮನೆಗಳಲ್ಲಿ ತಿನ್ನುತ್ತೇನೆ ಅಂದು ವಾಪಸ್ ಬಂದಿದ್ದೆ. "ನಹೀಂ ಆಂಟಿ" ಅಂದೆ. ಕೀಲಿ ಕೊಟ್ಟರು.

ಅವತ್ತಿನಿಂದ ಮೆಟ್ರೋ ಸ್ಟೇಷನ್ನಿನ ಕೆಳಗೆ ಗಾಡಿಯ ಮುಂದೆ ನಿಂತು ಆಮ್ಲೆಟ್ ತಿನ್ನುತ್ತೇನೆ. ಬಾಯಿ ತೊಳೆದು, ಸೋಂಪು ಜಗಿದು ಮನೆಗೆ ಬರುತ್ತೇನೆ. ಸಂಘದವರಿಗೆ ಯಾರಿಗೂ ಹೇಳಿಲ್ಲ. ನಿಮಗೂ ಹೇಳಿಲ್ಲ. ಪ್ರಶ್ನೆ ಕೇಳಿದಾಗ ಜನ ಹೇಗೆ ಉತ್ತರ ಕೊಡುತ್ತಾರೆ ಅಂತ ಇಡೀ ಆಫೀಸಿನಲ್ಲಿ ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ. ಆದರೂ ಕೇಳಿಸಿದೆ. ನನ್ನ ಬಾಯಲ್ಲಿ ಆಗದ ಮಾತನ್ನು ನೂರಾರು ಜನ ಗುರುತಿಲ್ಲದವರು ನನ್ನ ಪರವಾಗಿ ಆಡಲಿ ಅಂತ ಆಸೆಪಟ್ಟೆನೋ ಏನೋ.

ಇವತ್ತು ಆಫೀಸಿಗೆ ಹೋಗಲಿಲ್ಲ. ಎರಡು ಟ್ರೇ ತಂದು ಇದೇ ರೂಮಿನಲ್ಲಿ ಬೇಯಿಸಿದೆ. ಚಿಕ್ಕ ಕುಕ್ಕರು, ಹತ್ತತ್ತೇ ಹಿಡಿಯುತ್ತದೆ, ಆರು ಸಲ ಇಟ್ಟೆ. ಮೂರನೆಯ ಸಲಕ್ಕೆ ವಾಸನೆ ಹಿಡಿದು ಆಂಟಿ ಮೇಲೆ ಬಂದರು.

"ಯೇ ಕಿಸ್ ಚೀಜ್ ಕೀ ಬದ್ಬೂ ಹೈ?"

"ಅಂಡೇ ಹೈಂ ಆಂಟಿ."

"ತುಮ್ ತೋ ನಹೀಂ ಖಾತೀ ಥೀ!"

"ಖಾತೀ ಥೀ ಆಂಟಿ. ಮೊದಲಿಂದಲೂ ತಿನ್ನುತ್ತಿದ್ದೆ."

ಈ ತಿಂಗಳ ಕೊನೆಗೆ ಖಾಲಿ ಮಾಡಬೇಕು. ಅವರು ಕೂಗಾಡಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಇಳಿದು ಹೋದರು. ನಾನು ನಾಲ್ಕನೆಯ ಸಲ ನೀರಿಟ್ಟೆ. ಭಯವೂ ಆಗಲಿಲ್ಲ, ಖುಷಿಯೂ ಆಗಲಿಲ್ಲ. ಕುಕ್ಕರಿನ ಹಬೆಗೆ ಕನ್ನಡಕ ಮಂಜಾಯಿತು, ಒರೆಸಿಕೊಂಡೆ.

ಕೇಂದ್ರದೊಳಗೆ ತರುವಂತಿಲ್ಲ ಅಂತ ಗೊತ್ತಿದೆ. ಯಶವಂತ್ ಸರ್‌ಗೆ ಮೆಸೇಜ್ ಹಾಕಿದ್ದೇನೆ, ನಾಳೆ ಗೇಟಿನ ಹೊರಗೆ ವ್ಯಾನಿನ ಹತ್ತಿರ ನಾನೇ ನನ್ನ ಕೈಯಿಂದ ಹಂಚುತ್ತೇನೆ ಅಂತ. ಓದಿದ್ದಾರೆ, ಉತ್ತರ ಬಂದಿಲ್ಲ. ಇದು ಒಂದು ಶನಿವಾರದ್ದು ಮಾತ್ರ ಅಕ್ಕ. ಬುಧವಾರಕ್ಕೆ ಏನು ಅಂತ ನನಗೆ ಗೊತ್ತಿಲ್ಲ.

ಈ ಕಾಗದವನ್ನು ನಾನೇ ತರುತ್ತಿದ್ದೇನೆ, ಕಿಶನ್ ಭಯ್ಯಾನ ಪಕ್ಕದ ಸೀಟಿನಲ್ಲಿ, ತೊಡೆಯ ಮೇಲೆ ಟ್ರೇ ಇಟ್ಟುಕೊಂಡು. ನೀವು ಇಲ್ಲಿಯವರೆಗೆ ಓದುವ ಹೊತ್ತಿಗೆ ನಾನು ಫೂಲ್ವಾ ಎದುರು ಕೂತಿರುತ್ತೇನೆ. ಮೊದಲು ಹೌದು ಅನ್ನುತ್ತೇನೆ. ಆಮೇಲೆ ಅವಳು ಇನ್ನೇನೇ ಕೇಳಿದರೂ ಎದ್ದು ಹೋಗುವುದಿಲ್ಲ.

ಲಾವಣ್ಯಾ